ಗಿರಣಿಯ ಮೂರು ಕೂಗಿನ ವಿಷಯವಾಗಿ

ಮಾನ್ಯ ವಾಸ್ತುಶಿಲ್ಪಿಗಳೇ,

ಮುಚ್ಚಿ ಇಪ್ಪತ್ತೆರಡು ವರ್ಷವಾಗಿ ಪಾರಿವಾಳಗಳ ಸ್ವಾಧೀನದಲ್ಲಿದ್ದ ನಮ್ಮ ನೂಲಿನ ಗಿರಣಿಯನ್ನು ಕೆಡವದೆ, ಕಾಫಿ ಅಂಗಡಿ, ಪುಸ್ತಕದಂಗಡಿಗಳನ್ನಾಗಿ ಮಾಡಿ ಉಳಿಸಿಕೊಟ್ಟ ತಮಗೆ, ಅದರ ಗೋಡೆಗೆ ಬೆನ್ನು ಕೊಟ್ಟಿರುವ ಸಾಲುಮನೆಗಳ ಪರವಾಗಿ ಟೈಲರಮ್ಮನಾದ ನಾನು ಮೊದಲು ಕೈಮುಗಿಯುತ್ತೇನೆ.

ತಮ್ಮ ಕೆಲಸವನ್ನು ಹೊಗಳಿದಷ್ಟೂ ಕಡಿಮೆ. ಗೋಡೆಯ ಗಾರೆ ಕೆರೆಸಿ ಇಟ್ಟಿಗೆ ಕಾಣುವಂತೆ ಮಾಡಿದ್ದೀರಿ. ನಮ್ಮ ಮನೆಯ ಇಟ್ಟಿಗೆಗಳೂ ಹಾಗೆಯೇ ಕಾಣುತ್ತವೆ, ಆದರೆ ಅದು ಸೌಂದರ್ಯವೆಂದು ಇದುವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತುಕ್ಕು ಹಿಡಿದಿದ್ದ ಸೈರನ್ನನ್ನು ರಿಪೇರಿ ಮಾಡಿಸಿ, ದಿನಾ ಹನ್ನೊಂದಕ್ಕೆ ಬಾಗಿಲು ತೆರೆಯುವಾಗ ಮೂರು ಸಲ ಉದ್ದಕ್ಕೆ ಕೂಗಿಸುತ್ತೀರಿ. ಕೇಳಲು ಗಂಭೀರವಾಗಿದೆ.

ಒಂದು ಸಣ್ಣ ವಿಚಾರ ಮಾತ್ರ ತಮ್ಮ ಗಮನಕ್ಕೆ ಬಂದಂತಿಲ್ಲ. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಶುರುವಾಗಲು ಎರಡು ಕೂಗು, ಮುಗಿದರೆ ಒಂದೇ ಒಂದು ಗಿಡ್ಡ ಕೂಗು. ಮೂರು ಉದ್ದ ಕೂಗೆಂದರೆ ಒಳಗೆ ಯಾರೋ ಯಂತ್ರಕ್ಕೆ ಸಿಕ್ಕಿದ್ದಾರೆ, ಮನೆಯವರು ಗೇಟಿಗೆ ಬನ್ನಿ ಎಂದರ್ಥ. ಯಾವ ನಕ್ಷೆಯಲ್ಲೂ ಇದನ್ನು ಬರೆದಿರಲಿಲ್ಲವಾದ್ದರಿಂದ ತಪ್ಪು ತಮ್ಮದಲ್ಲ.

ನನ್ನ ಅತ್ತೆಗೆ ಎಂಬತ್ತೊಂದು. ನೆನಪು ಕೈಕೊಟ್ಟಿದೆ, ಕಾಲುಗಳು ಗಟ್ಟಿಯಾಗಿವೆ. ತಮ್ಮ ಸೈರನ್ ಕೂಗಿದೊಡನೆ ಅವರು ಚಪ್ಪಲಿಯನ್ನೂ ಮೆಟ್ಟದೆ ಗೇಟಿಗೆ ಓಡಿ, "ಇವತ್ತು ಯಾರಪ್ಪಾ?" ಎಂದು ಕಾವಲುಗಾರನನ್ನು ಕೇಳುತ್ತಾರೆ. ಅವನು ಒಳ್ಳೆಯವನು, "ಯಾರಿಗೂ ಏನೂ ಆಗಿಲ್ಲ ಅಜ್ಜಿ, ಮನೆಗೆ ಹೋಗಿ" ಅನ್ನುತ್ತಾನೆ. ಮಾವ ಒಳಗೆ ಯಂತ್ರಕ್ಕೆ ಸಿಕ್ಕಿ ಸತ್ತ ದಿನವೂ ಗೇಟಿನಲ್ಲಿ ಹೀಗೇ ಹೇಳಿ ಕಳಿಸಿದ್ದರಂತೆ, ಹಾಗಾಗಿ ಅತ್ತೆ ನಂಬುವುದಿಲ್ಲ. ದಿನಾ ಹೊಸದಾಗಿ ಗಂಡನನ್ನು ಕಳೆದುಕೊಳ್ಳುವ ಹೆಂಗಸಿನ ಕೈಹಿಡಿದು ಮನೆಗೆ ಕರೆತರುವುದು ನನಗೆ ಬಹಳ ಕಷ್ಟವಾಗುತ್ತಿದೆ.

ಆದ್ದರಿಂದ ತಾವು ದಯವಿಟ್ಟು ನಲವತ್ತು ವರ್ಷದ ಹಿಂದಿನ ಆ ದಿನವನ್ನು, ಹೊರಗೋಡೆ ಹಾಗೇ ಉಳಿಸಿಕೊಂಡು, ಒಳಗೆ ಬೇರೆ ರೀತಿ ಕಟ್ಟಿಕೊಡಬೇಕಾಗಿ ಪ್ರಾರ್ಥನೆ. ಇಂಥ ಕೆಲಸದಲ್ಲಿ ತಮ್ಮದು ಪಳಗಿದ ಕೈ. ಅದು ಆಗದಿದ್ದರೆ, ನಾಳೆಯಿಂದ ಒಂದೇ ಒಂದು ಗಿಡ್ಡ ಕೂಗು ಹಾಕಿಸಿ. ಪಾಳಿ ಮುಗಿಯಿತೆಂದು ಅತ್ತೆ ಮನೆಯಲ್ಲೇ ಉಳಿದು, ಮಾವನ ಸ್ನಾನಕ್ಕೆ ನೀರು ಕಾಯಿಸು ಅನ್ನುತ್ತಾರೆ. ನಾನು ಕಾಯಿಸುತ್ತೇನೆ.

ಇಂತು, ಗೋಡೆಯ ಈಚೆ ಬದಿಯ ತಮ್ಮ ವಿಶ್ವಾಸಿ,
ಟೈಲರಮ್ಮ

ವಿ.ಸೂ.: ಮೊನ್ನೆ ತಮ್ಮ ಗಿರಾಕಿಗಳು, ಗೇಟಿನಲ್ಲಿ ಅಳುತ್ತಿದ್ದ ಅತ್ತೆಯೂ ಸೈರನ್ನಿನಂತೆ ತಾವು ಏರ್ಪಡಿಸಿದ ಪ್ರದರ್ಶನವೆಂದು ತಿಳಿದು ಫೋಟೊ ತೆಗೆದು ಚಪ್ಪಾಳೆ ತಟ್ಟಿದರು. ಮೂರು ಕೂಗನ್ನೇ ಉಳಿಸಿಕೊಳ್ಳುವುದಾದರೆ, ಅತ್ತೆಗೆ ಅಲ್ಲೊಂದು ಕುರ್ಚಿಯನ್ನಾದರೂ ಹಾಕಿಸಿ.