ಐದು ಡಬ್ಬಿಯ ಯುಗಾದಿ ಊಟ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಷ್ಟನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ದಿನಾ ಡೈರಿ ಬರೆಯುವವಳು ನಾನು, ನಿಜ. ಆದರೆ ಏನಾದರೂ ಮುಖ್ಯವಾದದ್ದು ನಡೆದ ದಿನವೇ ನನ್ನ ಡೈರಿಗೆ ಜಿಪುಣತನ ಬರುತ್ತದೆ. ಆ ಯುಗಾದಿಯ ಪುಟದಲ್ಲಿ "ಬಿಸಿಲು. ಬಸ್‌ಸ್ಟ್ಯಾಂಡಿಗೆ ತಿರುಗಿ ಚಪ್ಪಲಿ ಕಿತ್ತಿತು" ಅಂತಷ್ಟೇ ಇದೆ. ಯಾಕೆ ತಿರುಗಿದೆ, ಏನು ತಂದೆ, ಒಂದಕ್ಷರವಿಲ್ಲ! ಆದರೆ ಒಂದು ಮಾತನ್ನು ಮಾತ್ರ ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಹಬ್ಬದೂಟವನ್ನು ಬಿಡಿಬಿಡಿಯಾಗಿ ಬೇರೆ ಬೇರೆ ಬಸ್ಸಿಗೆ ಹಾಕಿ, ಇನ್ನೊಂದೂರಿನ ಎಲೆಗೆ ಬಡಿಸಲು ಹೊರಟ ಮನುಷ್ಯ ಇಡೀ ಜಿಲ್ಲೆಯಲ್ಲಿ ಒಬ್ಬನೇ. ಅವನು ನನ್ನ ಸೋದರಮಾವ!

ಮಾವ ದುರ್ಗದ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಕಂಪ್ಯೂಟರ್ ನೆಟ್‌ವರ್ಕ್ ವಿಷಯದ ಆರಂಭದ ಪಾಠಗಳು, ಅಂದರೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಸುದ್ದಿ ಹೇಗೆ ಮುಟ್ಟಿಸುತ್ತದೆ ಎಂಬುದರ ಅ ಆ ಇ ಈ, ಅವನ ಪಾಲಿನದು. ನಾನು ಬಿಸಿಎ ಓದುವಾಗ ನನಗೂ ಅವನೇ ಕಲಿಸಿದ. ಮನೆಯಲ್ಲಿ ಮಾವ, ಕ್ಲಾಸಿನಲ್ಲಿ ಸಾರ್. ಎರಡೂ ಕಡೆ ಒಂದೇ ತಲೆಹರಟೆ.

ಎರಡು ಕಂಪ್ಯೂಟರುಗಳು ಮಾತು ಶುರು ಮಾಡುವ ಮೊದಲು ಒಂದು ಶಾಸ್ತ್ರ ಮುಗಿಸುತ್ತವೆ. "ಕೇಳಿಸ್ತಾ?" ಅನ್ನುತ್ತದೆ ಒಂದು. "ಕೇಳಿಸ್ತು, ನಂದು ನಿನಗೆ ಕೇಳಿಸ್ತಾ?" ಅನ್ನುತ್ತದೆ ಇನ್ನೊಂದು. "ಕೇಳಿಸ್ತು" ಅಂತ ಮೊದಲಿನದು ಒಪ್ಪಿಕೊಂಡ ಮೇಲೇ ವಿಷಯಕ್ಕೆ ಬರುವುದು. ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ. ನಮ್ಮ ಮಾವನಿಗೆ ಇದೇ ಸಂಸಾರಧರ್ಮ! ಕ್ಲಾಸಿಗೆ ಬಂದವನು ಬಾಗಿಲಲ್ಲೇ ನಿಂತು "ಕೇಳಿಸ್ತೈತಾ?" ಅನ್ನುತ್ತಿದ್ದ. ನಾವು ಒಕ್ಕೊರಲಿನಿಂದ ಎರಡನೇ ಮಾತು ಆಡದಿದ್ದರೆ ಒಳಗೆ ಕಾಲಿಡುತ್ತಿರಲಿಲ್ಲ. ಒಮ್ಮೆ ಪ್ರಿನ್ಸಿಪಾಲರು ಏನೋ ಹೇಳಲು ಕ್ಲಾಸಿನ ಬಾಗಿಲಿಗೆ ಬಂದರು. ಮಾವ ಅವರಿಗೂ "ಕೇಳಿಸ್ತೈತಾ ಸಾರ್?" ಎಂದು ಶುರು ಹಚ್ಚಿಕೊಂಡ. "ನನಗೆ ಚೆನ್ನಾಗೇ ಕೇಳಿಸ್ತದೆ ಕಣ್ರಿ, ಕಿವಿ ನೆಟ್ಟಗಿದೆ!" ಎಂದು ಅವರು ಬಂದ ದಾರಿ ಹಿಡಿದರು. ಏನು ಹೇಳಲು ಬಂದಿದ್ದರೋ ಇವತ್ತಿಗೂ ಗೊತ್ತಿಲ್ಲ. "ಸಂಪರ್ಕ ಪೂರ್ತಿ ಆಗ್ಲಿಲ್ಲ ನೋಡ್ರಿ," ಎಂದು ಮಾವ ಅದನ್ನೂ ಉದಾಹರಣೆ ಮಾಡಿಕೊಂಡ.

ಇನ್ನೊಂದು ಹುಚ್ಚು, ಸಿಕ್ಕಿದ್ದಕ್ಕೆಲ್ಲ "ಸಿಕ್ತು" ಅನ್ನಬೇಕು. ಕಾಫಿ ಲೋಟ ಕೈಗೆ ಕೊಟ್ಟರೆ ಅವನೂ ಅನ್ನುತ್ತಾನೆ, ನಾವೂ ಅನ್ನಬೇಕು. ಅನ್ನದಿದ್ದರೆ ಮುಟ್ಟಿಲ್ಲವೆಂದು ತಿಳಿದು ಇನ್ನೊಂದು ಲೋಟ ತಂದುಬಿಡುತ್ತಾನೆ! ಅತ್ತೆ ಇದನ್ನೆಲ್ಲ ಹೇಗೆ ಸಹಿಸುತ್ತಾಳೆ ಅಂತ ಕೇಳಿದ್ದೆ. "ಏನ್ ಹೇಳ್ಲವ್ವ," ಅಂದಳು ಅತ್ತೆ, "ತಾಳಿ ಕಟ್ಟಿ, ಕಿವಿ ಹತ್ರ ಬಾಗಿ, 'ಸಿಕ್ತಾ?' ಅಂತ ಕೇಳಿದ ಗಂಡ ಇವ್ರೊಬ್ರೇ. ನಾನೂ ಗಾಬ್ರೀಲಿ 'ಸಿಕ್ತು' ಅಂದ್‌ಬಿಟ್ಟೆ. ಇನ್ನೆಲ್ಲಿ ವಾಪಸ್ ಕೊಡ್ಲಿ?"

ಇಂಥವನಿಗೆ ಒಬ್ಬರು ಮಾತ್ರ ಯಾವುದಕ್ಕೂ "ಸಿಕ್ತು" ಅನ್ನುತ್ತಿರಲಿಲ್ಲ. ಅವನ ಅಕ್ಕ. ಅಂದರೆ ನಮ್ಮಮ್ಮ.

ಮಾವ ಅಂಬೆಗಾಲಿಡುವಾಗಲೇ ಅಜ್ಜಿ ತೀರಿಕೊಂಡಿದ್ದಳಂತೆ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಮ್ಮ. ಅಂಥ ಅಕ್ಕತಮ್ಮ ಕೆಟ್ಟದ್ದು ಒಂದು ಸೌಟು ಸಾರಿನಿಂದ! ಹೊಸದುರ್ಗದ ನಮ್ಮ ಮನೆಯ ಗೃಹಪ್ರವೇಶದಲ್ಲಿ ಅಮ್ಮ ತಾನೇ ನಿಂತು ಹೋಳಿಗೆ ಸಾರು ಮಾಡಿದ್ದಳು. ಆಗಿನ್ನೂ ಹೊಸದಾಗಿ ಮದುವೆಯಾಗಿದ್ದ ಮಾವ ಪಂಕ್ತಿಯ ನಡುವೆ ಕೂತು, "ಅಕ್ಕ, ಸಾರು ಅಂದ್ರೆ ನನ್ನ ಹೆಂಡ್ತಿ ಮಾಡ್ಬೇಕು. ನಿಂದು ಸುಮಾರೈತೆ," ಅಂದುಬಿಟ್ಟ. ನಾಲ್ಕು ಜನ ನಕ್ಕರು. ಅಮ್ಮ ಸೌಟು ಕೆಳಗಿಟ್ಟು ಒಳಗೆ ಹೋದಳು. ಅವತ್ತಿನಿಂದ ತಮ್ಮನೊಂದಿಗೆ ಮಾತಿಲ್ಲ, ಫೋನು ಮಾಡಿದರೆ ಎತ್ತುವುದಿಲ್ಲ, ಅವನ ಮನೆಗೆ ಕಾಲಿಡುವುದಿಲ್ಲ. ನಾನು ಓದಲು ದುರ್ಗಕ್ಕೆ ಹೋದಾಗಲೂ ಮಾವನ ಮನೆ ಬಿಟ್ಟು ಹಾಸ್ಟೆಲಿಗೆ ಹಾಕಿದಳು, ಭಾನುವಾರ ನಾನು ಅಲ್ಲಿಗೆ ಹೋಗಿಬರುವುದನ್ನು ಮಾತ್ರ ತಡೆಯಲಿಲ್ಲ. (ಸಾರಿನ ಜೊತೆ ಬೇರೇನಾದರೂ ಕಾರಣವಿತ್ತೇ? ಇದ್ದರೆ ನನಗೆ ಯಾರೂ ಹೇಳಿಲ್ಲ.)

ಭೀಮಸಮುದ್ರದಲ್ಲಿ ನಂಟರ ಮದುವೆಯಾದಾಗ ಊಟಕ್ಕೆ ನನ್ನನ್ನು ಇಬ್ಬರ ನಡುವೆ ಕೂರಿಸಿದರು.

"ನಿಮ್ಮ ಮಾವಂಗೆ ಹೇಳು, ಪಲ್ಯ ಆರ್ತೈತೆ, ತಿನ್ಲಿ ಅಂತ," ಅಂದಳು ಅಮ್ಮ.

"ನಿಮ್ಮಮ್ಮಂಗೆ ಹೇಳು, ತಿಂತಾ ಇದೀನಿ ಅಂತ," ಅಂದ ಮಾವ.

ಇಬ್ಬರ ಮೊಣಕೈಗಳೂ ನನ್ನ ಪಕ್ಕೆಗೆ ತಾಗುತ್ತಿದ್ದವು! ಒಬ್ಬರ ಮಾತು ಇನ್ನೊಬ್ಬರಿಗೆ ಸೊಗಸಾಗಿ ಕೇಳಿಸುತ್ತಿತ್ತು. ಆದರೂ ನಾನು ಬಾಯಿ ತೆರೆದು ಮುಟ್ಟಿಸುವವರೆಗೆ ಇಬ್ಬರೂ ಕೇಳದವರ ಹಾಗೆ ಕಾಯುತ್ತಿದ್ದರು. ಕೈ ತೊಳೆಯುವ ಕಡೆ ಮಾವ, "ರೌಟರ್ ಅಂದ್ರೆ ನೀನು ಕಣವ್ವ. ಆ ಕಡೆದು ಈ ಕಡೆಗೆ, ಈ ಕಡೆದು ಆ ಕಡೆಗೆ. ನಡುವೆ ಏನೂ ಸೇರಿಸ್ಬಾರ್ದು," ಎಂದು ನಕ್ಕ. ಆಮೇಲೆ ಕರ್ಚೀಫಿನಿಂದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ಒರೆಸಿಕೊಂಡು, "ಮೊದಲ್ನೇ ಮಾತು ನಾನು ಎಷ್ಟೋ ಸಲ ಆಡೀನಿ. ಆ ಕಡೆಯಿಂದ ಎರಡನೇದು ಬರ್ತಿಲ್ಲ, ಅಷ್ಟೇ," ಅಂದ.

ಆ ವರ್ಷ ಯುಗಾದಿಗೆ ಮುಂಚೆ ನಮಗೆ ಹೊಸ ಪಾಠ. ದೊಡ್ಡ ಸುದ್ದಿಯನ್ನು ಇಡಿಯಾಗಿ ಕಳಿಸುವುದಿಲ್ಲ, ತುಂಡು ಮಾಡಿ, ಪ್ರತಿ ತುಂಡಿಗೂ ನಂಬರು ಮತ್ತು ವಿಳಾಸ ಹಚ್ಚಿ ಬಿಡುತ್ತಾರೆ. ಒಂದೊಂದು ಒಂದೊಂದು ದಾರಿ ಹಿಡಿದು ಹೋಗುತ್ತದೆ, ಕೊನೆಗೆ ಆ ಕಡೆಯವರು ಜೋಡಿಸಿಕೊಳ್ಳುತ್ತಾರೆ. "ಇದನ್ನ ಬೋರ್ಡಿನ ಮೇಲೆ ತೋರಿಸೋಕೆ ಆಗಲ್ಲ. ಬರ್ರಿ, ಹೋಗಾಣ," ಎಂದ ಮಾವ ಇಡೀ ಕ್ಲಾಸನ್ನು ಬಸ್‌ಸ್ಟ್ಯಾಂಡಿಗೆ ನಡೆಸಿಕೊಂಡು ಹೋದ. ಹಳ್ಳಿಗಳಿಂದ ಹಾಸ್ಟೆಲ್ ಮಕ್ಕಳಿಗೆ ಬಸ್ಸಿನಲ್ಲಿ ಬುತ್ತಿ ಕಳಿಸುವುದು ನಮ್ಮ ಕಡೆ ಮಾಮೂಲು. ತುರುವನೂರಿನ ಬಸ್ಸಿನಿಂದ ಇಳಿಯುತ್ತಿದ್ದ ಬುತ್ತಿಗಳನ್ನು ತೋರಿಸಿ, "ಇವೇ ಕಣ್ರಲೇ ಪ್ಯಾಕೆಟ್ಟು!" ಅಂದ.

"ಸಾರ್, ಒಂದು ತುಂಡು ದಾರೀಲಿ ಕಳ್ದೋದ್ರೆ?" ಅಂತ ಹಿರಿಯೂರಿನ ಹುಡುಗ ಕೇಳಿದ.

"ಕಾಯ್ತಾ ಇರೋರು ಕೇಳ್ತಾರೆ, ಇಂಥದ್ದು ಬಂದಿಲ್ಲ ಅಂತ. ಕೇಳಿದ್ರೆ ಮತ್ತೆ ಕಳ್ಸಾದು."

"ಕೇಳದೇ ಇದ್ರೆ?"

ಮಾವ ಹೊಳಲ್ಕೆರೆ ಬಸ್ಸಿನ ಬೋರ್ಡನ್ನು ಬಹಳ ಹೊತ್ತು ಓದಿದ. ಆಮೇಲೆ ತಿರುಗಿ, ಯುಗಾದಿ ದಿನ ಪ್ರಯೋಗ ಮಾಡೋಣ, ಇಂಟರ್ನಲ್ ಮಾರ್ಕ್ಸ್ ಕೊಡ್ತೀನಿ ಅಂದ.

ಪ್ರಯೋಗ ಹೀಗೆ. ದುರ್ಗದಲ್ಲಿ ಅತ್ತೆ ಮಾಡಿದ ಹಬ್ಬದೂಟವನ್ನು ಮಾವ ಐದು ಡಬ್ಬಿ ಮಾಡುತ್ತಾನೆ: ತುಪ್ಪ, ಕೋಸಂಬರಿ, ಚಿತ್ರಾನ್ನ, ಹೋಳಿಗೆ, ಐದನೆಯದು ಹೋಳಿಗೆ ಸಾರು. ಮುಟ್ಟಬೇಕಾದ ಜಾಗ, ಹೊಸದುರ್ಗದ ಅಕ್ಕನ ಮನೆ! ಕೆಲವು ಡಬ್ಬಿ ಹೊಳಲ್ಕೆರೆ ದಾರಿಯಲ್ಲಿ, ಕೆಲವು ಹಿರಿಯೂರು ಸುತ್ತಿಕೊಂಡು. ಹಬ್ಬಕ್ಕೆ ಊರಿಗೆ ಹೋದ ನನ್ನ ಸಹಪಾಠಿಗಳು ತಂತಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಇಳಿಸಿ ಮುಂದಿನ ಬಸ್ಸಿಗೆ ಹತ್ತಿಸಬೇಕು. ಪ್ರತಿ ಡಬ್ಬಿಯ ಮೇಲೂ ಒಂದು ಚೀಟಿ, ಚೀಟಿಯಲ್ಲಿ ನಂಬರು, ಕೆಳಗೆ ಒಂದು ಸಾಲು ಸೊನ್ನೆ. ಡಬ್ಬಿ ಕೈದಾಟಿಸಿದವರು ಒಂದು ಸೊನ್ನೆ ಹೊಡೆದುಹಾಕಬೇಕು. ಎಲ್ಲ ಸೊನ್ನೆಯೂ ಮುಗಿದರೆ ಡಬ್ಬಿ ದಾರಿ ತಪ್ಪಿ ಅಲೆಯುತ್ತಿದೆ ಎಂದರ್ಥ, ಅಲ್ಲೇ ವಿಲೇವಾರಿ ಮಾಡಬೇಕು. ನೆಟ್‌ವರ್ಕಿನಲ್ಲೂ ಹಾಗೇ ಅಂತೆ.

ಹೊಸದುರ್ಗದ ಕೊನೆಯ ಕೊಂಡಿ ನಾನು. ಅಮ್ಮನಿಗೆ ಹೇಳಿದಾಗ, "ಯಾರು ಕಳಿಸ್ತಾರೆ ಅಂತ ನಾನೂ ಕೇಳಲ್ಲ, ನೀನೂ ಹೇಳ್ಬ್ಯಾಡ," ಅಂದಳು. ತಾನು ಮಾಡುವುದನ್ನೆಲ್ಲ ಮಾಡಿಟ್ಟಳು, ಹೋಳಿಗೆ ಸಾರು ಸಹಿತ. ಆದರೆ ಎಲೆ ಹಾಕಲಿಲ್ಲ.

ಮೊದಲು ಬಂದದ್ದು ತುಪ್ಪ. ಅರ್ಧ ಡಬ್ಬಿಯಲ್ಲಿ, ಅರ್ಧ ಬಸ್ಸಿನ ಸೀಟಿನಲ್ಲಿ. ಆಮೇಲೆ ಹೋಳಿಗೆ. ಆಮೇಲೆ ಚಿತ್ರಾನ್ನ. ಕೋಸಂಬರಿ ಎಲ್ಲಿ ಅಂತ ಹಿರಿಯೂರಿನ ಹುಡುಗನಿಗೆ ಫೋನು ಮಾಡಿದೆ.

"ಸೊನ್ನೆ ಎಲ್ಲಾ ಮುಗ್ದೋದ್ವು, ವಿಲೇವಾರಿ ಮಾಡ್ದೆ," ಅಂದ, ಏನೋ ಅಗಿಯುತ್ತ.

"ಒಂದೇ ಹೊಡೀಬೇಕಿತ್ತಲ್ಲೋ!"

"ಕೋಸಂಬರಿ ಘಮ್ ಅಂತಿತ್ತು, ಪೆನ್ನು ನಿಲ್ಲಲಿಲ್ಲ."

ಅಮ್ಮ ಕೋಸಂಬರಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಬಸ್ಸಿನ ಹಾರನ್ನು ಕೇಳಿದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು. ನಾನು ಬರಿಗೈಯಲ್ಲಿ ಬಂದರೆ ಮುಖ ತಿರುಗಿಸುತ್ತಿದ್ದಳು. ಅಪ್ಪ "ಹೊಟ್ಟೆ ಹಸಿದೈತೆ, ಬಡಿಸಾಣೇನು?" ಅಂದರೆ, "ಇರ್ರಿ, ಏನ್ ಅವಸ್ರ!" ಎಂದು ರೇಗಿದಳು. ಮಧ್ಯಾಹ್ನ ಜಾರಿತು. ಐದನೇ ಡಬ್ಬಿ ಬರಲೇ ಇಲ್ಲ.

"ನಾಕು ಜನ್ರ ಮುಂದೆ ನನ್ ಮರ್ಯಾದೆ ಕಳದ ಸಾರು," ಎಂದು ಅಮ್ಮ ಕೊನೆಗೆ ಸ್ಫೋಟಿಸಿದಳು. "ಹೆಂಗೈತೋ ಒಂದ್ಸಲ ನಾಲಿಗೆ ಮ್ಯಾಲೆ ಹಾಕ್ಕಂಡ್ ನೋಡಾಣ ಅಂದ್ರೆ, ಅದೊಂದೇ ಬರ್ಬಾರ್ದಾ? ಕೊಡಿಲ್ಲಿ ಫೋನು!" ನನ್ನ ಕೈಯಿಂದ ಕಿತ್ತುಕೊಂಡು, ತಾನೇ ತಮ್ಮನಿಗೆ ಹಚ್ಚಿ, ಆ ಕಡೆ ಎತ್ತಿದ್ದೇ ತಡ, "ಲೇ, ಸಾರೆಲ್ಲೋ?" ಅಂದಳು.

ಆ ಕಡೆಯಿಂದ ಮಾವನ ದನಿ, ಕ್ಲಾಸಿನಲ್ಲಿ ಎಂದೂ ಇರದಷ್ಟು ಸಣ್ಣಗೆ: "ಅಕ್ಕಾ... ಕೇಳಿಸ್ತೈತಾ?"

"ಕೇಳಿಸ್ತೈತೆ. ನಂದು ನಿಂಗೆ ಕೇಳಿಸ್ತೈತಾ?"

"ಕೇಳಿಸ್ತೈತಕ್ಕ."

ಪಕ್ಕದಲ್ಲಿ ನಿಂತಿದ್ದ ನಾನು ಮೂರೂ ಮಾತನ್ನು ಬೆರಳಲ್ಲಿ ಎಣಿಸಿದೆ. ಅಮ್ಮನಿಗೆ ತಾನು ಏನು ಪೂರ್ತಿ ಮಾಡಿದೆನೆಂದು ಗೊತ್ತೇ ಇರಲಿಲ್ಲ.

"ಸಾರು ದಾರೀಲಿ ಕಳ್ದೋದಂಗೈತೆ. ಮತ್ತೆ ಕಳಿಸ್ತೀನಿ," ಅಂದ ಮಾವ.

"ಯಾವ್ ಬಸ್ಸಿಗೂ ಹಾಕ್ಬ್ಯಾಡ. ನೀನೇ ತಗಂಡ್ ಬಾ."

ಸಂಜೆಗೆ ಬಂದ. ಹಿಂದೆ ಅತ್ತೆ. ಡಬ್ಬಿಯನ್ನು ಮಗುವಿನ ಹಾಗೆ ಎದೆಗವುಚಿಕೊಂಡಿದ್ದ. ಅಮ್ಮ ಅಂಗೈಗೆ ಒಂದಿಷ್ಟು ಸುರಿದುಕೊಂಡು ನೆಕ್ಕಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದೆವು.

"ಉಪ್ಪು ಕಮ್ಮಿ," ಅಂದಳು. ಅತ್ತೆ ಮೊದಲು ನಕ್ಕಳು, ಪುಣ್ಯಕ್ಕೆ! ಅಮ್ಮ ತಮ್ಮನ ಎಲೆಗೆ ಅತ್ತೆಯ ಸಾರು ಒಂದು ಸೌಟು, ತನ್ನದು ಒಂದು ಸೌಟು ಹಾಕಿ, "ಈಗ ಹೇಳು," ಅಂದಳು. ಮಾವ ಎರಡನ್ನೂ ಕಲೆಸಿ ತಲೆ ಬಗ್ಗಿಸಿ ಉಂಡ. ಅಮ್ಮ ಮತ್ತೆ ಬಡಿಸಿದಳು, ಮತ್ತೆ ಉಂಡ. ಕಾಫಿ ಲೋಟಕ್ಕೂ "ಸಿಕ್ತು" ಅನ್ನುವ ಮನುಷ್ಯ ಆವತ್ತು ಒಂದು ಸಲವೂ ಅನ್ನಲಿಲ್ಲ.

ಡಬ್ಬಿ ತೊಳೆಯಲು ಹೋದವಳು ನಾನು. ಮುಚ್ಚಳದ ಮೇಲೆ ಐದನೇ ನಂಬರಿನ ಚೀಟಿ ಹಾಗೇ ಇತ್ತು. ಕೆಳಗಿನ ಸಾಲಿನಲ್ಲಿ ಒಂದು ಸೊನ್ನೆಯನ್ನೂ ಯಾರೂ ಹೊಡೆದಿರಲಿಲ್ಲ. ಅಥವಾ ಹಾಗೆಂದು ನನಗೆ ನೆನಪು. ಸಾರಿನ ಕಲೆ ಬೇರೆ ಬಿದ್ದಿತ್ತು. ಮತ್ತೆ ತರುವಾಗ ಹೊಸ ಡಬ್ಬಿಗೆ ಹೊಸ ಚೀಟಿ ಅಂಟಿಸಿದ್ದನೋ ಏನೋ. ಅಂಟಿಸುವಂಥ ಮನುಷ್ಯನೇ ಅವನು.

ಇದನ್ನು ಬರೆಯಲು ಕೂತಾಗ ತಡೆಯಲಾರದೆ ಅವನಿಗೇ ಮೆಸೇಜು ಹಾಕಿದೆ. ನೋಡಿದ್ದಾನೆ, ಎರಡು ನೀಲಿ ಗೆರೆ ಬಿದ್ದಿವೆ. ಆದರೆ "ಸಿಕ್ತು" ಅಂತಲೂ ಇಲ್ಲ. ನಾನು ಕೇಳಿದ್ದು ಇಷ್ಟೇ: ಮಾವ, ಆವತ್ತು ಐದನೇ ಡಬ್ಬಿಯನ್ನು ನೀನು ಬಸ್ಸಿಗೆ ಹಾಕಿದ್ದೆಯಾ?