ಸೊಸೆಯ ಪರೀಕ್ಷೆಗೆ ನಾನು ಕಟ್ಟಿದ ಎಲೆಕಟ್ಟು

ಲೋಕದಲ್ಲಿ ಪ್ರಶ್ನೆ ಕೇಳುವ ಜನ ಬೇರೆ, ತಲೆ ತಗ್ಗಿಸಿ ನಿಲ್ಲುವ ಜನ ಬೇರೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಾನು ಎರಡನೆಯ ಗುಂಪಿನವಳು. ಉಡಿಗಾಲದ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸುವವರೆಗೆ ನಾನಾಗಿ ಎದ್ದು ನಿಂತು ಮೇಷ್ಟರನ್ನು ಏನಾದರೂ ಕೇಳಿದ ನೆನಪಿಲ್ಲ. ಗೊತ್ತಿರುವ ಉತ್ತರವೂ ಗಂಟಲಿನವರೆಗೆ ಬಂದು, ಹೊರಗೆ ಜನ ಇದ್ದಾರೆಂದು ತಿಳಿದು ವಾಪಸು ಹೋಗುತ್ತಿತ್ತು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೆ ಒಮ್ಮೆ ಒಬ್ಬಳೇ ತವರಿಗೆ ಹೊರಟೆ. ಉಡಿಗಾಲ ಬಂತು. ‘ನಿಲ್ಸಿ’ ಎನ್ನಬೇಕು, ಅಷ್ಟೇ. ಆದರೆ ಅಷ್ಟು ಜನರ ಮುಂದೆ ಅಷ್ಟು ದೊಡ್ಡ ಬಸ್ಸನ್ನು ನಿಲ್ಲಿಸಲು ನಾನು ಯಾರು? ಚಾಮರಾಜನಗರದಲ್ಲಿ ಬಸ್ಸು ತಾನಾಗಿ ನಿಂತಾಗ ಇಳಿದು, ಹಿಂದಕ್ಕೆ ಬರುವ ಬಸ್ಸು ಹತ್ತಿದೆ. ಪುಣ್ಯಕ್ಕೆ ಅದರಲ್ಲಿ ಉಡಿಗಾಲಕ್ಕೆ ಇಳಿಯುವ ಇನ್ನೊಬ್ಬ ಹೆಂಗಸು ಇದ್ದಳು. ಇಲ್ಲದಿದ್ದರೆ ಹೊರಟ ಊರಿಗೇ ಬಂದು ಇಳಿಯುತ್ತಿದ್ದೆ. ನಿಮ್ಮ ತಾತ ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು: “ನಮ್ಮನೆಯೋರು ಬಸ್ಸು ನಿಲ್ಸಕಿಲ್ಲ ಕಣ್ರಪ್ಪ, ಅದು ನಿಂತ ಕಡೆ ಇಳೀತಾರೆ.”

ಅಂಥ ನನ್ನನ್ನು, ನಂದಿನಿ, ಚಂದನ, ನಿಮ್ಮಮ್ಮ ಪ್ರಶ್ನೆ ಕೇಳುವ ಕೆಲಸಕ್ಕೆ ಹಚ್ಚಿದಳು. ಆಗ ನೀವಿಬ್ಬರೂ ಚಿಕ್ಕವರು, ಸಂಜೆಯಾದರೆ ಟಿವಿಯ ಮುಂದೆ ಇರುತ್ತಿದ್ದಿರಿ. ಹಾಗಾಗಿ ಅಡುಗೆಮನೆಯ ಬಾಗಿಲಲ್ಲಿ ಏನು ನಡೆಯುತ್ತಿತ್ತೆಂದು ನಿಮಗೆ ಪೂರ್ತಿ ತಿಳಿಯದು. ನಿಮ್ಮಮ್ಮ ಸೌಮ್ಯ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬರುತ್ತಿದ್ದಳು. ಮಾತು ಬಾರದ, ಬಂದರೂ ಆಡದ, ಯಾರೊಂದಿಗೂ ಬೆರೆಯದ ಮಕ್ಕಳಿಗೆ ಕಲಿಸುವ ಒಂದು ಕೇಂದ್ರ ಅಲ್ಲಿತ್ತು. ಅವಳಿಗೆ ಆಟದ ಸಾಮಾನು ಎತ್ತಿಡುವ, ಮಕ್ಕಳ ಕೈ ತೊಳೆಸುವ ಕೆಲಸ. ಪುಣಜನೂರು ಕಡೆಯ ಒಂದು ಪುಟ್ಟ ಹೆಣ್ಣುಮಗು, ಪುಟ್ಟತಾಯಿ ಅಂತ ಹೆಸರು, ಬೇರೆ ಯಾರು ಹತ್ತಿರ ಹೋದರೂ ಕಿರುಚಿ ನೆಲಕ್ಕೆ ಬೀಳುತ್ತಿದ್ದದ್ದು, ಇವಳ ಸೆರಗು ಹಿಡಿದು ಸುಮ್ಮನೆ ಕೂರುತ್ತಿತ್ತು. ಆದರೆ ಇವಳು ಆ ಮಗುವಿಗೆ ತಾನಾಗಿ ಪಾಠ ಹೇಳುವಂತಿರಲಿಲ್ಲ. ಅದಕ್ಕೆ ‘ಬಿಹೇವಿಯರ್ ಟೆಕ್ನಿಷಿಯನ್’ ಎಂಬ ಪರೀಕ್ಷೆ ಪಾಸಾಗಬೇಕು. ನಡವಳಿಕೆ ತಿದ್ದುವ ಕೆಲಸಕ್ಕೂ ಪರೀಕ್ಷೆ ಇದೆ ಎಂದು ಕೇಳಿ ನಾನು ದಂಗಾದೆ. ನಮ್ಮ ಕಾಲದಲ್ಲಿ ಆ ಕೆಲಸವನ್ನು ಹುಣಿಸೆ ಬರಲು ಮಾಡುತ್ತಿತ್ತು, ಅದು ಯಾವ ಪರೀಕ್ಷೆಯನ್ನೂ ಬರೆದಿರಲಿಲ್ಲ.

ಒಂದು ಸಲ ಬರೆದು ಫೇಲಾಗಿದ್ದಳು. ಕೇಂದ್ರದ ದೊಡ್ಡ ಮೇಡಂ, “ಈ ಸಲ ಪಾಸಾಗಮ್ಮ, ಪುಟ್ಟತಾಯಿಯನ್ನ ನಿನಗೇ ಒಪ್ಪಿಸ್ತೀನಿ. ಇಲ್ಲದಿದ್ರೆ ಮೈಸೂರಿಂದ ಬೇರೆಯವರನ್ನ ಕರೆಸ್ಬೇಕಾಗ್ತದೆ” ಎಂದಿದ್ದರಂತೆ. ಯಾರೋ ಅವಳಿಗೆ ಫ್ಲ್ಯಾಶ್‌ಕಾರ್ಡ್ ಮಾಡಿಕೊಂಡು ಓದಲು ಹೇಳಿದರು. ಹಾಗೆಂದರೆ, ಒಂದು ಚೀಟಿಯ ಈ ಮಗ್ಗುಲಲ್ಲಿ ಹೆಸರು, ಆ ಮಗ್ಗುಲಲ್ಲಿ ಅರ್ಥ. ಒಬ್ಬರು ಹೆಸರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಅಂಗಡಿಯ ಕಾರ್ಡು ಯಾಕೆಂದು ನಿಮ್ಮಮ್ಮ ಪೆಟ್ಟಿಗೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳ ಖಾಲಿ ಜಾಗವನ್ನೆಲ್ಲ ಕತ್ತರಿಸಿದಳು. ಇಂಗ್ಲಿಷ್ ಹೆಸರನ್ನು ನನಗಾಗಿ ಕನ್ನಡದಲ್ಲೇ ದಪ್ಪಗೆ ಬರೆದಳು. ನಿಮ್ಮಪ್ಪ ತರಕಾರಿ ಗಾಡಿಯೊಂದಿಗೆ ಕೇರಳದ ಕಡೆ ಹೋಗಿರುತ್ತಿದ್ದ. ನಿಮ್ಮಿಬ್ಬರಿಗೆ ಚೀಟಿ ಕೊಟ್ಟರೆ, ಅಮ್ಮ ತಪ್ಪು ಹೇಳಿದಾಗಲೆಲ್ಲ ಸೋಫಾದ ಮೇಲೆ ಬಿದ್ದು ಉರುಳಾಡಿ ನಗುತ್ತಿದ್ದಿರಿ. ಉಳಿದವಳು ನಾನು.

“ನೀವೇ ಕೇಳಿ ಅತ್ತೆ” ಎಂದು ಚೀಟಿಗಳನ್ನು ನನ್ನ ಮಡಿಲಿಗೆ ಹಾಕಿದಳು.

“ನಾನಾ? ನಂಗ್ ಎದೆ ಹೊಡ್ಕತದೆ ಕಣವ್ವ.”

“ನನ್ ಮುಂದೇನೂ ನಾಚ್ಕೆಯಾ? ಓದಿ ಅತ್ತೆ, ಮುದ್ದೆಗೆ ಎಸರಿಟ್ಟಿವ್ನಿ.”

ಮೊದಲ ದಿನ ನಾನು ಚೀಟಿಯನ್ನು ಮುಖಕ್ಕೆ ಅಡ್ಡ ಹಿಡಿದು, ಯಾರಿಗೂ ಕೇಳದಂತೆ “ರೀಇನ್‌ಫೋರ್ಸ್‌ಮೆಂಟ್” ಎಂದೆ. ಅವಳು ಒಲೆಯ ಕಡೆಯಿಂದ, “ಮಗು ಒಳ್ಳೇದ್ ಮಾಡ್ದಾಗ ಅದಕ್ ಬೇಕಾದ್ದು ಸಿಕ್ರೆ, ಆ ಒಳ್ಳೇದ್ನ ಮತ್ ಮತ್ತೆ ಮಾಡ್ತದೆ” ಎಂದಳು. ತಿರುಗಿಸಿ ನೋಡಿದೆ, ಸರಿಯಾಗಿತ್ತು. ಮಕ್ಕಳೇ, ಆ ಕ್ಷಣದ ಸುಖವನ್ನು ಏನೆಂದು ಹೇಳಲಿ! ನಾನು ಕೇಳಿದೆ, ಒಬ್ಬರು ಉತ್ತರ ಹೇಳಿದರು. ಮೇಷ್ಟರುಗಳು ಯಾಕೆ ಅಷ್ಟು ಎದೆಯೆತ್ತಿ ನಡೆಯುತ್ತಿದ್ದರೆಂದು ಅವತ್ತು ಗೊತ್ತಾಯಿತು. ವಾರ ಕಳೆಯುವುದರೊಳಗೆ ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ, “ಊಂ, ಇನ್ನೊಂದ್ಸಲ” ಎನ್ನುವ ಮಟ್ಟಕ್ಕೆ ಹೋದೆ. ಒಂದು ಚೀಟಿಯ ಮೂಲೆಯಲ್ಲಿ ಕತ್ತರಿಗೆ ಸಿಗದ ಅರ್ಧ ಗಣಪತಿ ಉಳಿದಿದ್ದ. ಸೊಂಡಿಲು ಕಂಡರೆ ಸಾಕು, ನಾನು ಬಾಯಿ ತೆರೆಯುವ ಮೊದಲೇ ಅವಳು ಉತ್ತರ ಒಪ್ಪಿಸುತ್ತಿದ್ದಳು. “ಪರೀಕ್ಷೇಲಿ ಗಣಪ್ತಿ ಬರಾಕಿಲ್ಲ ಕಣಮ್ಮಿ” ಎಂದು ಗದರಿಸಿದೆ. ಸೊಸೆಯನ್ನು ನಾನು ಗದರಿಸಿದ್ದು ಅದೇ ಮೊದಲು. ಇಬ್ಬರಿಗೂ ಖುಷಿಯಾಯಿತು.

ನಿಜ ಹೇಳಬೇಕೆಂದರೆ, ಆ ಚೀಟಿಗಳ ಕಟ್ಟು ಮಡಿಲಲ್ಲಿದ್ದರೆ ನನಗೆ ಬೇರೇನೋ ಆಗುತ್ತಿತ್ತು. ನಿಮ್ಮ ತಾತನದು ವೀಳ್ಯದೆಲೆ ತೋಟ, ವೀಳ್ಯದೆಲೆ ವ್ಯಾಪಾರ. ನೀವು ಕಂಡಿಲ್ಲ, ಈಗ ಆ ಜಾಗದಲ್ಲಿ ಚೆಂಡು ಹೂ ಬೆಳೆಯುತ್ತಾರೆ. ದಿನಾ ಸಂಜೆ ಇದೇ ಹೊತ್ತಿಗೆ ನಾವಿಬ್ಬರೂ ಜಗುಲಿಯ ಮೇಲೆ ಒದ್ದೆ ಗೋಣಿ ಹಾಸಿಕೊಂಡು ಕೂರುತ್ತಿದ್ದೆವು. ಅವರು ಎಲೆ ಆಯ್ದು ಕೊಡುವುದು, ನಾನು ಜೋಡಿಸಿ ಬಾಳೆನಾರಿನಲ್ಲಿ ಕಟ್ಟುವುದು. ಮಾತು ಕಡಿಮೆ. ಅವರ ಬೆರಳು ಒಂದೊಂದು ಎಲೆಯನ್ನೂ ಸವರಿ ನನ್ನ ಕಡೆ ಸರಿಸುವ ಸದ್ದು ಮಾತ್ರ. ಅಗಲವಾದ, ಹಸಿರು ಮಿಂಚುವ ಎಲೆ ಮೇಲಕ್ಕೆ ಒಂದಿಷ್ಟು, ಕೆಳಕ್ಕೆ ಒಂದಿಷ್ಟು. ಸಣ್ಣದು, ತುದಿ ಹರಿದದ್ದು, ಚುಕ್ಕೆ ಬಿದ್ದದ್ದು ನಡುವೆ. “ಇದು ಮೋಸ ಅಲ್ವಾ?” ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದ್ದೆ. “ಮೋಸ ಅಲ್ಲ, ಮರ್ಯಾದೆ. ಮನೆಗ್ ಬಂದೋರ್ಗೆ ಮೊದ್ಲು ಹರಿದಿರೋ ಚಾಪೆ ತೋರಿಸ್ತೀವಾ?” ಎಂದು ನಕ್ಕಿದ್ದರು. ಕೇರಳದಿಂದ ಬರುತ್ತಿದ್ದ ವ್ಯಾಪಾರಿಯೊಬ್ಬರಿದ್ದರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರು ಮಾತ್ರ ಮೇಲನ್ನೂ ನೋಡುತ್ತಿರಲಿಲ್ಲ, ಕೆಳಗನ್ನೂ ನೋಡುತ್ತಿರಲಿಲ್ಲ. ಹೆಬ್ಬೆರಳು ಹಾಕಿ ಕಟ್ಟನ್ನು ನಟ್ಟನಡುವೆ ಸೀಳಿ, “ಅಮ್ಮಾ! ಮೇಲೆ ಎಲ್ಲಾ ಮದುವೆ ಹೆಣ್ಣು, ಒಳಗೆ ಎಲ್ಲಾ ಅಜ್ಜಿ!” ಎಂದು ಜಗುಲಿ ನಡುಗುವಂತೆ ನಗುತ್ತಿದ್ದರು. ನಾನು ನಾಚಿ ಬಾಗಿಲ ಹಿಂದೆ ಹೋಗುತ್ತಿದ್ದೆ. ತಾತ ಹೋದ ಮೇಲೆ ನನ್ನ ಕೈಗೆ ಸಂಜೆ ಹೊತ್ತು ಕೆಲಸವೇ ಇರಲಿಲ್ಲ. ಲಗ್ನಪತ್ರಿಕೆಯ ಚೀಟಿಗಳು ಬಂದವು, ಕೈ ತಾನಾಗಿ ಜೋಡಿಸತೊಡಗಿತು.

ಪರೀಕ್ಷೆ ಹತ್ತಿರ ಬಂತು. ನಾನು ಒಂದು ದಿನ ಕಟ್ಟಿನ ಮೇಲಿಂದ ಕೇಳುತ್ತಿದ್ದೆ, ಒಂದು ದಿನ ಕೆಳಗಿಂದ. ಸಾರು ಕುದಿದು ನೀವು ಹಸಿವೆಂದು ಕೂಗುವ ಹೊತ್ತಿಗೆ ನಿಲ್ಲಿಸುತ್ತಿದ್ದೆ. ಮೇಲಿಂದಲೂ ಸರಿ, ಕೆಳಗಿಂದಲೂ ಸರಿ. “ಈ ಸಲ ನೀನು ಪಾಸ್ ಆಗ್ದೆ ಇದ್ರೆ ಕೇಳು” ಎಂದು ನಾನೇ ಸರ್ಟಿಫಿಕೇಟು ಕೊಟ್ಟುಬಿಟ್ಟಿದ್ದೆ. ಹಾಗಿರುವಾಗ ಒಂದು ಸಂಜೆ ಸೌಮ್ಯ ಬಸ್ಸಿಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕುಳಿತಳು. ಕಣ್ಣು ಕೆಂಪಾಗಿತ್ತು.

“ಬುಡಿ ಅತ್ತೆ. ನನ್ ತಲೇಲಿ ಏನೂ ನಿಲ್ಲಕಿಲ್ಲ. ಪರೀಕ್ಷೆನೂ ಬ್ಯಾಡ ಏನೂ ಬ್ಯಾಡ.”

“ಏನಾಯ್ತವ್ವ?”

“ಮೇಡಮ್ಮು ಊಟದ ಹೊತ್ನಲ್ಲಿ, ಎಲ್ಲಿ ಕೊಡು ನೋಡನ ಅಂತ ಚೀಟಿ ಇಸ್ಕಂಡ್ರು. ಕೇಳಿದ್ದು ಒಂದೂ ಬರ್ಲಿಲ್ಲ. ಎಲ್ರ ಮುಂದೆ ಬೆಪ್ಪಂಗೆ ನಿಂತ್ಕಂಡೆ. ಪುಟ್ಟತಾಯಿ ಬಂದು ನನ್ ಸೆರಗು ಎಳೀತಿತ್ತು ಅತ್ತೆ, ಅದರ ಮುಖ ನೋಡಾಕಾಗ್ಲಿಲ್ಲ.”

“ಎಲ್ಲಿಂದ ಕೇಳಿದ್ರು?”

“ಎಲ್ಲಿಂದ ಅಂದ್ರೆ? ನಡೂಕೆ ಕೈ ಹಾಕಿ ತಗುದ್ರು.”

ನನ್ನ ಕಿವಿಯಲ್ಲಿ ಕಾಕಾ ನಕ್ಕರು. ಮೇಲೆ ಎಲ್ಲಾ ಮದುವೆ ಹೆಣ್ಣು! ಅವಳ ಚೀಲದಿಂದ ಚೀಟಿಗಳನ್ನು ತೆಗೆದು ನೋಡಿದೆ. ಅವಳು ತಪ್ಪು ಹೇಳಿದಾಗ ಆ ಮುಖ ಬಾಡುವುದನ್ನು ನೋಡಲಾರದೆ, ಆ ಚೀಟಿಯನ್ನು ನನ್ನ ಕೈ ಮೆಲ್ಲಗೆ ನಡುವೆ ತೂರಿಸಿಡುತ್ತಿತ್ತು. ಬರುವಂಥದ್ದು ಮೇಲಕ್ಕೆ, ಕೆಳಕ್ಕೆ. ಎರಡು ಕಡೆಯಿಂದ ಕೇಳುತ್ತಾ ಬಂದರೂ ನಾವು ನಡುವಿನವರೆಗೆ ಒಂದು ದಿನವೂ ಹೋಗಿರಲಿಲ್ಲ. ಚುಕ್ಕೆ ಬಿದ್ದ ಎಲೆಗಳೆಲ್ಲ ಅಲ್ಲಿ ಬೆಚ್ಚಗೆ ಮಲಗಿದ್ದವು. ಸೊಸೆಯ ವಿದ್ಯೆಯನ್ನು ನಾನು ಸಂತೆಗೆ ಕಟ್ಟಿಟ್ಟಿದ್ದೆ.

ಹೇಳಿದೆ. ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲ ಮೇಲೇ ಬಗ್ಗಿ ನಕ್ಕಳು, ಅತ್ತಳು, ಮತ್ತೆ ನಕ್ಕಳು. “ಅಯ್ಯೋ ಅತ್ತೆ, ನನ್ನೂ ಎಲೆಕಟ್ಟು ಮಾಡ್ಬುಟ್ರಲ್ಲ!” ಎಂದಳು. ಪರೀಕ್ಷೆಗೆ ಇನ್ನು ಕೆಲವೇ ದಿನ ಉಳಿದಿದ್ದವು.

ಚೀಟಿ ಕಲೆಸಬೇಕಿತ್ತು. ಇಸ್ಪೀಟಿನವರ ಹಾಗೆ ಕಲೆಸುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದು. ಕಲೆಸಿ ಕಲೆಸಿ ಜೋಡಿಸುವ ಹೊತ್ತಿಗೆ ನನ್ನ ಕೈ ಮತ್ತೆ ತನ್ನ ಹಳೆಯ ಚಾಳಿ ತೋರಿಸೀತು ಎಂಬ ಭಯ ಬೇರೆ. ನಾನು ಗೋಡೆಯ ಮೊಳೆಯಿಂದ ಮೊರ ಇಳಿಸಿದೆ. ಚೀಟಿಗಳನ್ನೆಲ್ಲ ಸುರಿದು ಅಕ್ಕಿ ಕೇರುವ ಹಾಗೆ ಕೇರಿದೆ. ಯಾವುದು ಮೊರದಿಂದ ಹಾರಿ ನೆಲಕ್ಕೆ ಬಿತ್ತೋ ಅದೇ ಪ್ರಶ್ನೆ. ಇದು ನಿಮಗೆ ನೆನಪಿರಬೇಕು. ನೀವಿಬ್ಬರೂ ಟಿವಿ ಬಿಟ್ಟು ಓಡಿ ಬಂದು, ಮಂಚದ ಕೆಳಗೆ ಹೋದ ಚೀಟಿಗಾಗಿ ಜುಟ್ಟು ಹಿಡಿದು ಜಗಳವಾಡಿದಿರಿ.

ಯಾಕೋ ಏನೋ, ‘ಎಕ್ಸ್‌ಟಿಂಕ್ಷನ್’ ಎಂಬ ಚೀಟಿಯೇ ಮತ್ತೆ ಮತ್ತೆ ಹಾರಿ ಬೀಳುತ್ತಿತ್ತು, ಮತ್ತೆ ಮತ್ತೆ ಅವಳು ತಡವರಿಸುತ್ತಿದ್ದಳು. “ಒಪ್ಪಿಸ್ಬ್ಯಾಡ, ನಂಗೆ ತಿಳಿಯಂಗೆ ಹೇಳು” ಎಂದೆ. ಅವಳು ಯೋಚಿಸಿ ಹೇಳಿದಳು: “ಮಗು ಕಿರುಚಿದಾಗೆಲ್ಲ ಬಿಸ್ಕತ್ತು ಕೊಟ್ಟು ಅಭ್ಯಾಸ ಮಾಡ್ಸಿರ್ತೀವಿ ಅನ್ಕಳಿ. ಈಗ ಕೊಡದ್ ನಿಲ್ಸಿದ್ರೆ ಮೊದ್ಲು ಇನ್ನೂ ಜೋರಾಗ್ ಕಿರುಚ್ತದೆ. ಆಗ ಗಟ್ಟಿಯಾಗಿದ್ರೆ, ಆಮೇಲೆ ತಾನೇ ಬುಡ್ತದೆ. ಬರೀ ಸುಮ್ಕಿರದಲ್ಲ ಅತ್ತೆ. ಕಿರುಚ್ದೆ ಕೇಳಾದ್ ಹೆಂಗೆ ಅಂತ ಬೇರೆ ದಾರಿನೂ ತೋರಿಸ್ಬೇಕು.”

ನನಗೆ ಪಕ್ಕದ ಮನೆಯ ಹಸು ಗೌರಿಯ ನೆನಪಾಯಿತು. ದಿನಾ ಬೆಳಿಗ್ಗೆ ನಮ್ಮ ಗೇಟಿಗೆ ಕೊಂಬಿನಲ್ಲಿ ಗುದ್ದಿ ಬಾಳೆಸಿಪ್ಪೆ ವಸೂಲಿ ಮಾಡುತ್ತಿತ್ತು. ಸರಿ, ಪರೀಕ್ಷಿಸೋಣ ಎಂದು ಮರುದಿನ ಬಾಗಿಲು ತೆರೆಯದೆ ಕುಳಿತೆ. ಗೌರಿ ಗುದ್ದಿತು. ಆಮೇಲೆ ಜೋರಾಗಿ ಗುದ್ದಿತು. ಆಮೇಲೆ ಗೇಟಿನ ಕೀಲು ಕಿತ್ತು ಬರುವಂತೆ ಗುದ್ದಿ ಅಂಬಾ ಎಂದಿತು. ಎದುರು ಮನೆಯವರು ಹೊರಗೆ ಬಂದು ನಿಂತರು. ಬೀದಿಯವರೆಲ್ಲ ನನ್ನನ್ನು ನೋಡುವಂತಾದ ಮೇಲೆ ನನ್ನ ಶಾಸ್ತ್ರವೆಲ್ಲ ಎಲ್ಲಿ ಉಳಿದೀತು? ಓಡಿಹೋಗಿ ಸಿಪ್ಪೆಯ ಜೊತೆ ಒಂದು ಉಂಡೆ ಬೆಲ್ಲವನ್ನೂ ಕೊಟ್ಟು ಬಾಯಿ ಮುಚ್ಚಿಸಿ ಒಳಗೆ ಓಡಿದೆ.

“ಅತ್ತೆ!” ಸೌಮ್ಯ ಜಡೆ ಹೆಣೆಯುವುದನ್ನು ಬಿಟ್ಟು ನಿಂತಿದ್ದಳು. “ಮೆತ್ತಗ್ ಗುದ್ದಿದ್ರೆ ಸಿಪ್ಪೆ, ಜೋರಾಗ್ ಗುದ್ದಿದ್ರೆ ಬೆಲ್ಲ. ಹಸುಗೆ ಚೆಂದಾಗ್ ಪಾಠ ಮಾಡ್ಬುಟ್ರಿ ಬುಡಿ!”

ಅವತ್ತಿನಿಂದ ಆ ಚೀಟಿಯಲ್ಲಿ ಅವಳು ಒಮ್ಮೆಯೂ ತಡವರಿಸಲಿಲ್ಲ. ಗೌರಿಯ ಗುದ್ದೂ ಅವತ್ತಿನಿಂದ ಕಡಿಮೆಯಾಗಲಿಲ್ಲ.

ಪರೀಕ್ಷೆಯ ದಿನ ದೇವರ ಮುಂದೆ ದೀಪ ಹಚ್ಚಿ, ಮನೆಯಲ್ಲಿದ್ದ ವೀಳ್ಯದೆಲೆಗಳನ್ನು ಇಡುವಾಗ ಬೇಕೆಂದೇ ಹರಿದ ಎಲೆಯನ್ನು ಮೇಲೆ ಇಟ್ಟೆ. ದೇವರಿಗಾದರೂ ನಮ್ಮ ಲೆಕ್ಕ ನೇರವಾಗಿ ತಿಳಿದಿರಲಿ ಎಂದು. ತಾತ ಇದ್ದಿದ್ದರೆ ‘ಇದೇನು ಮರ್ಯಾದೆ’ ಎನ್ನುತ್ತಿದ್ದರು. ಸಂಜೆ ಸೌಮ್ಯ ಬೀದಿಯ ತಿರುವಿನಿಂದಲೇ ಕೈ ಬೀಸಿಕೊಂಡು ಬಂದಳು. “ನಮ್ ಗೌರಿ ಬಂದಿದ್ಲು ಅತ್ತೆ, ಪರೀಕ್ಷೆಗೆ!” ಎಂದು ಗೇಟಿನ ಆಚೆಯಿಂದಲೇ ಕೂಗಿದಳು. ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಫಲಿತಾಂಶ ಅಲ್ಲೇ ಬಂದಿತ್ತು. ಪಾಸಾಗಿದ್ದಳು. ಎದುರು ಮನೆಯವರು ಮತ್ತೆ ಹೊರಗೆ ಬಂದರು. ಈ ಸಲ ನಾನು ಒಳಗೆ ಓಡಲಿಲ್ಲ.

ಪುಟ್ಟತಾಯಿಯನ್ನು ಅವಳಿಗೇ ಒಪ್ಪಿಸಿದರು. ನೀರು ಬೇಕಾದರೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ ಮಗು ಲೋಟ ತಂದು ಇವಳ ಕೈಗಿಟ್ಟು “ನೀ” ಎನ್ನತೊಡಗಿತಂತೆ. ಅದನ್ನು ಹೇಳುವಾಗ ನಿಮ್ಮಮ್ಮನ ಮುಖ ನೋಡಬೇಕಿತ್ತು. ನಿಮ್ಮಿಬ್ಬರ ಮೊದಲ ಮಾತಿಗೂ ಅವಳು ಅಷ್ಟು ಕುಣಿದಿರಲಿಲ್ಲ.

ಎಲ್ಲ ಒಳ್ಳೆಯದಾಯಿತು, ನನಗೊಬ್ಬಳಿಗೆ ಬಿಟ್ಟು. ಪರೀಕ್ಷೆ ಮುಗಿಯಿತು, ಚೀಟಿಗಳು ಪೆಟ್ಟಿಗೆ ಸೇರಿದವು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕೂತು ಪ್ರಶ್ನೆ ಕೇಳುವವರು ಯಾರಿಗೂ ಬೇಕಿರಲಿಲ್ಲ. ಪ್ರಶ್ನೆ ಮುಗಿದ ಮೇಲೆ ಅವಳು ತಂದುಕೊಡುತ್ತಿದ್ದ ಕಾಫಿಯೂ, ಆ ಹತ್ತು ಮಾತೂ ನಿಂತವು. ಅವಳದೇನೂ ತಪ್ಪಿಲ್ಲ, ಕೆಲಸ ಹೆಚ್ಚಾಗಿತ್ತು. ಬಾಯಿಬಿಟ್ಟು ಕೇಳುವುದು ನನಗೆ ಬಾರದು. ಹಾಗಾಗಿ ನಾನು ಪಾತ್ರೆ ಎತ್ತಿಡತೊಡಗಿದೆ. ಮೊದಮೊದಲು ಸಾಧಾರಣವಾಗಿ ಸದ್ದಾಗುತ್ತಿತ್ತು. ಆಮೇಲೆ ಸ್ವಲ್ಪ ಜೋರಾಗಿ. ಒಂದು ಸಂಜೆ ಹಿತ್ತಾಳೆಯ ಚೆಂಬನ್ನು ಇಟ್ಟ ರಭಸಕ್ಕೆ ನೀವಿಬ್ಬರೂ ಟಿವಿ ನಿಲ್ಲಿಸಿ ನೋಡಿದಿರಿ.

ಸೌಮ್ಯ ಒಲೆಯ ಉರಿ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು. ಸೊಂಟದ ಮೇಲೆ ಕೈ.

“ಅತ್ತೆ, ಗೌರಿ ಗುದ್ದಿದಂಗೆ ಗುದ್ತಾ ಇದೀರಲ್ಲ! ಆ ಪುಟ್ಟತಾಯಿ ‘ನೀ’ ಅಂತ ಕೇಳಾದ್ ಕಲ್ತದೆ. ನಿಮ್ಗ್ ಏನ್ ಬೇಕು, ಕೇಳ್ಬಾರ್ದಾ?”

ಉಡಿಗಾಲದ ಸ್ಟಾಪು ಕಣ್ಣ ಮುಂದೆ ಬಂತು, ಹಿಂದಕ್ಕೆ ಸರಿಯುತ್ತಲೂ ಇತ್ತು. “ಒಸಿ ಹೊತ್ತು ನನ್ ತಾವ ಕೂತ್ಕಳವ್ವ” ಎಂದೆ.

ಅವಳು ಒಲೆ ಆರಿಸಿದಳು. ಕಾಫಿ ತಂದು, ಬಾಗಿಲಲ್ಲಿ ನನ್ನ ಪಕ್ಕ ಕೂತಳು. ಕಾಫಿಗೆ ಬೇಕೆಂದೇ ಸಕ್ಕರೆ ಜಾಸ್ತಿ ಹಾಕಿದ್ದಳು. ಈಗ ದಿನಾ ಸಂಜೆ ನಾನು ಬಾಯಿಬಿಟ್ಟು ಕೇಳುತ್ತೇನೆ, ದಿನಾ ಕಾಫಿ ಬರುತ್ತದೆ, ಸಕ್ಕರೆ ಹಾಗೇ ಇದೆ. ಇದಕ್ಕೂ ಒಂದು ಚೀಟಿ ಇತ್ತು, ನಾನು ಮುಖಕ್ಕೆ ಅಡ್ಡ ಹಿಡಿದು ಮೊದಲ ದಿನವೇ ಓದಿದ ‘ರೀಇನ್‌ಫೋರ್ಸ್‌ಮೆಂಟ್’. ಯಾರು ಯಾರಿಗೆ ಪಾಠ ಮಾಡುತ್ತಿದ್ದಾರೆಂದು ನನಗೆ ಚೆನ್ನಾಗಿಯೇ ಗೊತ್ತಾಗಿದೆ. ಗೊತ್ತಾಗಿದೆ ಎಂದು ನೀವು ಅಮ್ಮನಿಗೆ ಹೇಳಬೇಡಿ. ಆಮೇಲೆ ನಿಮ್ಮಜ್ಜಿ ಸುಧಾರಿಸಿದ್ದಾಳೆ, ಇನ್ನು ಸಕ್ಕರೆ ಬೇಡ ಎಂದುಬಿಟ್ಟಾಳು.