ಹಿಂದಿನ ಸ್ಪೀಕರ್ ಬಾಯಿ ಬಿಡಿಸಿದ ಕಥೆ

ಟಿವಿ ರಿಪೇರಿ ಅಂಗಡಿ ಇಟ್ಟವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗಿಯೇ ಗಿರಾಕಿಯ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಅಂಗಡಿ ಬಾಗಿಲಿಗೆ ಬಂದಿಳಿಯುತ್ತದೆ. ನನಗಂತೂ ಹತ್ತು ವರ್ಷ ಅದು ತಪ್ಪದೆ ಬಂತು. ಕಾರಣ ನನ್ನ ಒಂದು ಹಟ: ಡಿಶ್ ಟಿವಿಯಿಂದಲೇ ಮನೆಯೊಳಗೆ ಸುತ್ತಲೂ ದನಿ ಬರಿಸಬೇಕು.

ಸಾಕ್ಷಿ

ಚಿಕ್ಕೋಡಿಯಲ್ಲಿ ನಮ್ಮದು ಮುಂದೆ ಅಂಗಡಿ, ಅದರ ಬೆನ್ನಿಗೆ ಮನೆ. ಊರಿನ ಮಾಳಿಗೆಗಳ ಮೇಲೆಲ್ಲ ಡಿಶ್ಶಿನ ತಾಟುಗಳು ಏಳುತ್ತಿದ್ದ ಕಾಲ ಅದು. ಆಗಲೇ ಹೋಮ್ ಥಿಯೇಟರ್ ಸೆಟ್ಟೂ ಬಂತು. ಐದು ಸಣ್ಣ ಸ್ಪೀಕರ್, ಒಂದು ದೊಡ್ಡ ಡಬ್ಬಿ. ಟಿವಿಯ ಎರಡು ಬದಿಗೆ ಎರಡು, ಅದರ ಕೆಳಗೆ ಒಂದು, ನೋಡುವವರ ಬೆನ್ನ ಹಿಂದಿನ ಗೋಡೆಗೆ ಎರಡು. ಡಬ್ಬಿಯ ಕೆಲಸ ಬರೀ ಗುಡುಗುವುದು. ನಮ್ಮ ಪಡಸಾಲೆಯಲ್ಲಿಯೇ ಒಂದು ಸೆಟ್ಟು ಕೂಡಿಸಿ ಗಿರಾಕಿಗಳಿಗೆ ತೋರಿಸತೊಡಗಿದೆ.

ಡಿಸ್ಕ್ ಹಾಕಿದರೆ ಐದೂ ಮಾತಾಡುತ್ತಿದ್ದವು. ಡಿಶ್ ಹಚ್ಚಿದರೆ ಹಿಂದಿನ ಎರಡು ಮಾತ್ರ ಬಾಯಿ ಹೊಲಿದುಕೊಂಡು ಕೂಡುತ್ತಿದ್ದವು. ಆದರೆ ದಿನಾ ಡಿಸ್ಕ್ ಹಾಕಿ ನೋಡುವವರು ಯಾರು? ಜನರಿಗೆ ಬೇಕಾದದ್ದು ಡಿಶ್ಶೇ. ನಾನು ಮುಂದಿನವುಗಳ ದನಿ ಏರಿಸಿ, "ಸುತ್ತೂಕಡಿಂದ ಬರಾಕತ್ತೈತಿ ನೋಡ್ರಿ" ಎನ್ನುತ್ತಿದ್ದೆ.

ರಾಯಬಾಗದ ಒಬ್ಬ ಮಾಸ್ತರರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಹತ್ತು ನಿಮಿಷ ಕೇಳಿದರು. ಚಹಾ ತಂದ ನನ್ನ ಹೆಂಡತಿಯನ್ನೇ ವಿಚಾರಿಸಿದರು. "ಹೌದೇನ್ರಿ ಅಕ್ಕಾರ, ಹಿಂದಿಂದ ಬರತೈತೇನು?"

"ಹಿಂದಿಂದ ಬರೂದು ಓಣಿ ನಾಯಿ ಸಪ್ಪಳ ಒಂದ ನೋಡ್ರಿ" ಎಂದಳು ಅವಳು.

ಮಾಸ್ತರರು ಚಹಾ ಕುಡಿದು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು. "ಒಂದ ಸುಳ್ಳ ಹೇಳಿದ್ರ ನಿನ್ನ ಗಂಟೇನು ಹೋಗತಿತ್ತು?" ಎಂದು ಕೂಗಾಡಿದೆ. ಅವಳು ಕಪ್-ಬಸಿ ಎತ್ತಿಕೊಂಡು, "ನೀವು ಖರೇ ಮಾಡ್ರಿ, ನಾ ಖರೇ ಹೇಳತೀನಿ" ಎಂದು ಒಳಗೆ ಹೋದಳು.

ಅವಳ ಬಾಯಿಂದಲೇ "ಬಂತು" ಅನ್ನಿಸುವವರೆಗೆ ಬಿಡುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ. ಮರುದಿನ ನೋಡಿದರೆ ಹಿಂದಿನ ಎಡಗಡೆ ಸ್ಪೀಕರಿನ ಮೊಳೆಗೆ ಹಿಟ್ಟಿನ ಜರಡಿ ತೂಗುತ್ತಿತ್ತು. ಕೇಳಿದರೆ, "ಸುಮ್ನ ಕುಂತಾವಲ್ಲ, ಒಂದ ಕೆಲಸರ ಇರಲಿ" ಎಂದಳು.

ಮುಂದೆ ಮರಾಠಿ, ಹಿಂದೆ ಕನ್ನಡ

ಕಾಗವಾಡದ ಒಂದು ಮನೆಯಲ್ಲಿ ಅಪ್ಪನಿಗೆ ಕನ್ನಡವೇ ಆಗಬೇಕು, ಮಿರಜದ ಕಡೆಯಿಂದ ಬಂದ ತಾಯಿಗೆ, ಅಂದರೆ ಆಯಿಗೆ, ಮರಾಠಿಯೇ ಆಗಬೇಕು. ದಿನಾ ಸಂಜೆ ರಿಮೋಟಿಗಾಗಿ ಜಗಳ. ಮಗ ನನ್ನನ್ನು ಕರೆಸಿ ಸೆಟ್ಟು ಕೊಂಡ. ಕೊಂಡ ಕಾರಣವನ್ನು ಆಮೇಲೆ ಹೇಳಿದ.

"ಮುಂದಿನ ಎರಡರಾಗ ಆಯಿಗೆ ಮರಾಠಿ ಬಿಡ್ರಿ, ಹಿಂದಿನ ಎರಡರಾಗ ಅಪ್ಪಗ ಕನ್ನಡ ಬಿಡ್ರಿ. ಜಗಳ ಮುಗೀತು."

"ಹಂಗ ಬರಂಗಿಲ್ಲೋ ತಮ್ಮಾ" ಎಂದೆ.

"ಯಾಕ ಬರಂಗಿಲ್ಲ? ಐದು ಬಾಯಿ ಅದಾವು. ನಮ್ಮ ಊರಾಗ ಒಂದ ಬಾಯಾಗ ಎರಡೂ ಮಾತಾಡತೀವಿ."

ಆಗುವುದಿಲ್ಲ ಎಂದು ಹೇಳಿ ವಾಪಸು ಹೋಗುವ ಜಾಯಮಾನ ನನ್ನದಲ್ಲ. ಆ ಮನೆಯಲ್ಲಿ ಡಿಶ್ಶಿನ ಒಂದು ಹಳೆಯ ಸೆಟ್‌ಟಾಪ್ ಡಬ್ಬಿಯಿತ್ತು. ಹಿಂದಿನ ಎರಡು ಸ್ಪೀಕರುಗಳನ್ನು ಬಿಚ್ಚಿ, ಬೇರೊಂದು ಆಂಪ್ಲಿಫೈಯರ್ ಮೂಲಕ ಆ ಡಬ್ಬಿಗೆ ಜೋಡಿಸಿ, ಅದರಲ್ಲಿ ಕನ್ನಡ ಚಾನೆಲ್ ಹಾಕಿದೆ. ಪರದೆಯ ಮೇಲೆ ಮರಾಠಿ ಧಾರಾವಾಹಿ, ಮುಂದಿನಿಂದ ಅದರ ಮಾತು, ಹಿಂದಿನಿಂದ ಬರೀ ಕನ್ನಡದ ದನಿ. ಆಯಿ ಟಿವಿಗೆ ಮುಖ ಮಾಡಿ ಕೂತಳು. ಅಪ್ಪ ಅವಳಿಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ಕೂತ.

ಧಾರಾವಾಹಿಯ ಅತ್ತೆ ಹಣೆ ಬಡಿದುಕೊಂಡು, "ಈ ಸೊಸೆಯನ್ನು ಹೇಗೆ ದಾರಿಗೆ ತರಲಿ?" ಎಂದು ಮರಾಠಿಯಲ್ಲಿ ಕೇಳಿದಳು. ಹಿಂದಿನಿಂದ ಕೃಷಿ ಕಾರ್ಯಕ್ರಮದವರು ಗಂಭೀರವಾಗಿ ಕನ್ನಡದಲ್ಲಿ ಉತ್ತರಿಸಿದರು: "ದಿನಕ್ಕೆರಡು ಸಲ ಹಸಿ ಮೇವು ಹಾಕಿ, ಕೊಂಬಿಗೆ ಎಣ್ಣೆ ಹಚ್ಚಿ, ನೆರಳಿನಲ್ಲಿ ಕಟ್ಟಿ."

ಆಯಿ ಮೊದಲು ನಕ್ಕಳು. ಅಪ್ಪ ತಿರುಗಿ ಕೂತ. ನಲವತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಕೂಡಿ ಒಂದೇ ಕಾರ್ಯಕ್ರಮಕ್ಕೆ ನಕ್ಕದ್ದು ಅದೇ ಮೊದಲಂತೆ. ಮನೆಗೆ ಬಂದಾಗ ಹೆಂಡತಿ, "ಹಿಂದಿಂದ ಬಂತೇನ್ರಿ?" ಎಂದು ಕೇಳಿದಳು. "ಬಂತು, ಆದ್ರ ಎಮ್ಮಿ ಸುದ್ದಿ ಬಂತು" ಎಂದೆ.

ತಾಮ್ರ ಇಲ್ಲದ ವಾಯರ್

ಮುಂದೆ ಎಚ್‌ಡಿ ಸೆಟ್‌ಟಾಪ್ ಡಬ್ಬಿಗಳು ಬಂದವು. ಕೊಲ್ಲಾಪುರದ ಒಬ್ಬ ಹಿರಿಯ ಮೆಕ್ಯಾನಿಕ್ ನನ್ನ ಕಣ್ಣು ತೆರೆಸಿದ. ಕೆಂಪು ಬಿಳಿ ಪಿನ್ನಿನ ವಾಯರು ಎರಡೇ ದನಿ ಹೊರುತ್ತದೆ, ಐದನ್ನೂ ಹೊರಬೇಕಾದರೆ ಆಪ್ಟಿಕಲ್ ಕೇಬಲ್ ಬೇಕು, ಅದರೊಳಗೆ ಕರೆಂಟಲ್ಲ, ಬೆಳಕು ಹರಿಯುತ್ತದೆ ಎಂದ. ಅಂಥ ಕೇಬಲ್ ತಂದು ಮೊದಲು ಅಥಣಿಯ ಒಬ್ಬ ಕಬ್ಬಿನ ಗೌಡರ ಮನೆಗೆ ಹಾಕಿದೆ. ಹಿಂದಿನವು ಆಗಲೂ ಮಾತಾಡಲಿಲ್ಲ. ಇನ್ನೂ ಏನೋ ಉಳಿದಿದೆ, ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಬಂದೆ.

ವಾರದೊಳಗೆ ಗೌಡರು ಕೆಂಡವಾಗಿ ಅಂಗಡಿಗೆ ಬಂದರು. ಕೈಯಲ್ಲಿ ಗೇಣುದ್ದದ ಕೇಬಲ್ ತುಂಡು.

"ಇಲಿ ಕಡದಿತ್ತು, ಜೋಡಸೂಣು ಅಂತ ಸುಲದ್ರ ಒಳಗ ತಾಮ್ರಾನ ಇಲ್ಲಲ್ಲೋ. ಬರೇ ಪ್ಲಾಸ್ಟಿಕ್ ಹಾಕಿ ಹೋಗೀಯೇನು?"

ಗೌಡರಿಗೆ ಕೊಳವೆಬಾವಿ ಮೋಟಾರಿನ ವಾಯರ್ ಜೋಡಿಸುವುದರಲ್ಲಿ ಎತ್ತಿದ ಕೈ. ಹಲ್ಲಿನಿಂದ ಸುಲಿದು, ಹುರಿ ಮಾಡಿ, ಟೇಪ್ ಸುತ್ತಿದರೆ ನೀರಿನೊಳಗೂ ಬಿಚ್ಚುವುದಿಲ್ಲ. ಇದನ್ನೂ ಹಾಗೆಯೇ ಸುಲಿದು ಗಂಟು ಹಾಕಿದ್ದರು.

"ಗೌಡ್ರ, ಇದರಾಗ ಬೆಳಕು ಹರೀತೈತ್ರಿ. ಬೆಳಕಿಗೆ ತಾಮ್ರ ಬೇಕಾಗೂದಿಲ್ಲ."

"ಬೆಳಕ ಕಿವಿಗೆ ಕೇಳಸತೈತಿ?"

ತುಂಡಿನ ಒಂದು ತುದಿಗೆ ಬ್ಯಾಟರಿ ಹಿಡಿದು, ಇನ್ನೊಂದು ತುದಿಯಲ್ಲಿ ಹೊಳೆಯುವುದನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಸಿಟ್ಟು ಇಳಿದು ಮುಖದ ಮೇಲೆ ಏನೋ ವಿಚಾರ ಬಂತು. ಹೊಸ ಕೇಬಲ್ ಬೇಡವೆಂದರು.

ಆದರೂ ನಾನು ಬಿಡದೆ, ತಿಂಗಳ ಮೇಲೆ ಹೊಸ ಕೇಬಲ್ ಹಿಡಿದು ಅವರ ಮನೆಗೆ ಹೋದೆ. ಡಿಶ್ ಡಬ್ಬಿಗೆ ಸಿಕ್ಕಿಸಿಯೇ ಇದ್ದ ಹಳೆಯ ಕೇಬಲ್ಲಿನ ತುಂಡರಿಸಿದ ತುದಿಯನ್ನು ಗೋಡೆಯ ತೂತಿನಿಂದ ಆಚೆ ದೇವರ ಜಗುಲಿಗೆ ಎಳೆದಿದ್ದರು. ಅಲ್ಲಿ ಅದು ಕೆಂಪಗೆ ಮಿನುಗುತ್ತಿತ್ತು. ನಾನು ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಗೌಡರ ತಾಯಿ ತಡೆದಳು. "ಅದಕ್ಕ ಕೈ ಹಚ್ಚಬ್ಯಾಡೋ ಯಪ್ಪಾ, ನಂದಾದೀಪ ಐತಿ. ಎಣ್ಣಿ ಇಲ್ಲ, ಬತ್ತಿ ಇಲ್ಲ, ಗಾಳಿಗೆ ಆರೂದೂ ಇಲ್ಲ."

ಐದು ಪಾಲು

ಉಳಿದಿದ್ದದ್ದು ಏನೆಂದು ಭೋಜದಲ್ಲಿ ತಿಳಿಯಿತು. ಅಲ್ಲಿ ಐವರು ಅಣ್ಣತಮ್ಮಂದಿರ ತುಂಬಿದ ಮನೆಗೆ ಸೆಟ್ಟು ಹಾಕಿದ್ದೆ. ಡಿಶ್ ಡಬ್ಬಿಯ ಸೆಟ್ಟಿಂಗ್ ಪುಟಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದಾಗ ಒಂದು ಮೂಲೆಯಲ್ಲಿ "ಸ್ಟೀರಿಯೋ" ಎಂದು ಗುರುತು ಬಿದ್ದಿತ್ತು. ಅದನ್ನು ತೆಗೆದು "ಸರೌಂಡ್" ಮೇಲೆ ಹಾಕಿದೆ. ಆಗಲೂ ಎಲ್ಲ ಚಾನೆಲಿನಲ್ಲಿ ಬರುವುದಿಲ್ಲ, ಚಾನೆಲಿನವರು ಅಲ್ಲಿಂದಲೇ ಐದು ದನಿ ಕಳಿಸಿದರೆ ಮಾತ್ರ ಇಲ್ಲಿ ಐದು ಬಂದಾವು. ಆ ಹೊತ್ತಿಗೆ ಯಾವ ಚಾನೆಲೂ ಕಳಿಸುತ್ತಿರಲಿಲ್ಲ. ಹಾಗೇ ಬಿಟ್ಟು ಬಂದೆ.

ಆರು ತಿಂಗಳ ಮೇಲೆ ಕರೆ ಬಂತು. "ಸೆಟ್ಟ ಕೆಟ್ಟೈತಿ, ಐದು ಮಂದಿಗೆ ಐದು ನಮೂನಿ ಕೇಳಸಾಕತ್ತೈತಿ." ಹೋಗಿ ನೋಡಿದರೆ, ಅಷ್ಟರಲ್ಲಿ ಮನೆ ಪಾಲಾಗಿತ್ತು. ಪಂಚರು ಹೊಲ, ಎತ್ತು, ತಾಮ್ರದ ಹಂಡೆ ಎಲ್ಲ ಹಂಚಿ, ಕೊನೆಗೆ ಐದು ಸ್ಪೀಕರುಗಳನ್ನೂ ತಲೆಗೊಂದರಂತೆ ಹಂಚಿದ್ದರು. ಒಬ್ಬೊಬ್ಬರೂ ತಮ್ಮ ಪಾಲನ್ನು ವಾಯರ್ ಎಳೆದು ತಮ್ಮ ಕೋಣೆಯಲ್ಲಿ ನೇತುಹಾಕಿದ್ದರು. ಟಿವಿ ಮಾತ್ರ ಎಲ್ಲರಿಗೂ ಕಾಣುವಂತೆ ನಡುಮನೆಯಲ್ಲಿತ್ತು. ಗುಡುಗುವ ಡಬ್ಬಿ ತಾಯಿಯ ಪಾಲಿಗೆ ಹೋಗಿತ್ತು.

ಅಂದು ಮಧ್ಯಾಹ್ನ ಕ್ರಿಕೆಟ್ ಮ್ಯಾಚ್ ನಡೆದಿತ್ತು. ಒಂದೊಂದೇ ಕೋಣೆಗೆ ಹೋಗಿ ಕೇಳಿದೆ. ನಡುವಿನ ಸ್ಪೀಕರ್ ಸಿಕ್ಕ ಎರಡನೆಯವನಿಗೆ ಬರೀ ಕಾಮೆಂಟರಿ. ಮುಂದಿನವು ಸಿಕ್ಕ ಹಿರಿಯನಿಗೂ ಮೂರನೆಯವನಿಗೂ ಬ್ಯಾಟಿನ ಸಪ್ಪಳ. ಹಿಂದಿನವು ಸಿಕ್ಕ ಕಿರಿಯರಿಬ್ಬರಿಗೆ ಬರೀ ಚಪ್ಪಾಳೆ.

ನನಗೆ ಕುಣಿಯಬೇಕೆನಿಸಿತು. ಚಾನೆಲಿನವರು ಐದು ದನಿ ಕಳಿಸತೊಡಗಿದ್ದರು. ಹಿಂದಿನ ಸ್ಪೀಕರಿಗೆ ಡಿಶ್‌ನಿಂದಲೇ ತನ್ನದೇ ದನಿ ಬಂದಿತ್ತು. "ಸೆಟ್ಟ ಕೆಟ್ಟಿಲ್ರಿ, ಐದೂ ಒಂದ ಕೋಣ್ಯಾಗ ಇಡ್ರಿ, ಅಷ್ಟ ಸಾಕು" ಎಂದೆ.

ಹಿರಿಯ ಒಪ್ಪಿದ, ನಡುವಿನವರು ಒಪ್ಪಿದರು. ಎಲ್ಲರಿಗಿಂತ ಕಿರಿಯ ಮಾತ್ರ ಅಡ್ಡ ತಲೆಯಾಡಿಸಿದ. "ನಾ ಕೊಡಂಗಿಲ್ರಿ. ಈ ಮನ್ಯಾಗ ಇಷ್ಟ ವರ್ಷ ನನಗ ಬರೇ ಬೈಗಳ ಸಿಕ್ಕಾವು. ಈಗರ ದಿನಾ ಚಪ್ಪಾಳಿ ಬೀಳಾಕತ್ತೈತಿ."

ಮಳೆ

ಮನೆಗೆ ಎಚ್‌ಡಿ ಡಬ್ಬಿ ತಂದೆ, ಕೇಬಲ್ ಹಾಕಿದೆ, ಸೆಟ್ಟಿಂಗ್ ಬದಲಿಸಿದೆ, ಜರಡಿ ಇಳಿಸಿದೆ. ಐದು ದನಿ ಕಳಿಸುವ ಚಾನೆಲಿನಲ್ಲಿ ಮಳೆಯ ದೃಶ್ಯಗಳಿರುವ ಸಿನಿಮಾ ಬರುವ ದಿನ ನೋಡಿ, ಮುಗಳಖೋಡದ ಒಬ್ಬ ಕಿರಾಣಿ ಅಂಗಡಿಯವರನ್ನು ಕರೆಸಿದೆ. ಅವರು ಪಕ್ಕಾ ಮನುಷ್ಯ. "ನಿಮ್ಮ ಮಾತಲ್ಲ, ಮನಿಯವರು ಹೂಂ ಅಂದ್ರ ತಗೋತೀನಿ" ಎಂದು ಮೊದಲೇ ಹೇಳಿದ್ದರು. ನನ್ನ ಹೆಂಡತಿಯ ಸತ್ಯಸಂಧತೆ ಮುಗಳಖೋಡದವರೆಗೂ ಹೋಗಿತ್ತು.

ಬೇಸಿಗೆಯ ಮಧ್ಯಾಹ್ನ. ಅವಳು ಅಂದು ಬೆಳಿಗ್ಗೆಯಿಂದ ಶ್ಯಾವಿಗೆ ಹೊಸೆದು, ಕೋಲುಗಳ ಮೇಲೆ ಹಾಕಿ ಮಾಳಿಗೆಯಲ್ಲಿ ಒಣಗಲು ಬಿಟ್ಟು ಬಂದಿದ್ದಳು. ನಾನು ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಪರದೆ ಎಳೆದೆ. ನಮ್ಮ ಪಡಸಾಲೆಯ ಬಾಗಿಲೂ ಬೆನ್ನ ಹಿಂದಿನ ಗೋಡೆಯಲ್ಲಿಯೇ ಇದೆ, ಅದರಾಚೆ ತಗಡಿನ ಚಪ್ಪರ. ಮೂವರೂ ಟಿವಿಗೆ ಮುಖ ಮಾಡಿ ಕೂತೆವು.

ಸಿನಿಮಾದಲ್ಲಿ ಮೋಡ ಕವಿಯಿತು. ಮಿಂಚಿತು. ಬೆನ್ನ ಹಿಂದಿನಿಂದ ಟಪ್ ಟಪ್ ಎಂದು ಹನಿ ಬೀಳತೊಡಗಿ, ಜೋರಾಗಿ, ಧೋ ಎಂದು ಸುರಿಯಿತು. ಹೆಂಡತಿ ಕತ್ತು ತಿರುಗಿಸಿ ಹಿಂದಿನ ಸ್ಪೀಕರುಗಳನ್ನು ನೋಡಿದಳು.

"ಕೇಳಿದಿ?" ಎಂದೆ.

"ಹೌದಲ್ರಿ" ಎಂದಳು, ಬಹಳ ಮೆಲ್ಲಗೆ.

ಅಷ್ಟರಲ್ಲಿ ಪರದೆಯ ಚಿತ್ರ ಚೂರುಚೂರಾಗಿ ನಿಂತು, ಸಿಗ್ನಲ್ ಇಲ್ಲ ಎಂಬ ಅಕ್ಷರ ಮೂಡಿತು. ಬೆನ್ನ ಹಿಂದಿನ ಮಳೆ ಮಾತ್ರ ನಿಲ್ಲಲಿಲ್ಲ. ಕಿರಾಣಿಯವರು ನನ್ನ ಮುಖ ನೋಡಿದರು.

"ನೋಡ್ರಿ" ಎಂದೆ ಹೆಮ್ಮೆಯಿಂದ. "ಚಿತ್ರ ಹೋದ್ರೂ ದನಿ ಹೋಗಿಲ್ಲ. ಡಿಜಿಟಲ್ ಅಂದ್ರ ಇದ."

ಹೆಂಡತಿ ಮೂಗರಳಿಸಿದಳು. "ಖರೇ ರೀ, ಮಣ್ಣಿನ ವಾಸನಿ ಸೈತ ಬರಾಕತ್ತೈತಿ" ಎಂದಳು.

ಅಂದವಳೇ ಕಿರುಚಿ ಮಾಳಿಗೆಗೆ ಓಡಿದಳು. ಹತ್ತು ವರ್ಷದಿಂದ ಡಿಶ್ ಕಟ್ಟುವ ನನಗೆ, ಜೋರು ಮಳೆಗೆ ಸಿಗ್ನಲ್ ಹೋಗುತ್ತದೆಂಬುದು ಆಗ ನೆನಪಾಯಿತು.

ಮಳೆ ಹತ್ತು ನಿಮಿಷ ಬಂದು ನಿಂತಿತು. ಅವಳು ಶ್ಯಾವಿಗೆಯ ಮುದ್ದೆಯನ್ನು ಹಿಟ್ಟು ಕಲಸುವ ಪರಾತದಲ್ಲಿ ತುಂಬಿಕೊಂಡು ಬಂದು ನನ್ನ ಮುಂದೆಯೇ ಕೂತಳು. ಕಿರಾಣಿಯವರು ಹೋಗಲೂ ಆಗದೆ, ಇರಲೂ ಆಗದೆ ಟವೆಲ್ಲು ಮಡಚುತ್ತಿದ್ದರು. ಸಿಗ್ನಲ್ ತಿರುಗಿ ಬಂದು ಸಿನಿಮಾ ತನ್ನಷ್ಟಕ್ಕೆ ನಡೆದಿತ್ತು, ನೋಡುವವರಿಲ್ಲ. ನನ್ನ ಹಟವೇ ನನಗೆ ಬೇಡವಾಗಿತ್ತು.

ಆಗ ಹಿಂದೆ ಬಾಗಿಲು ಬಡಿದ ಸಪ್ಪಳವಾಯಿತು. ಅವಳು ಶ್ಯಾವಿಗೆಯ ಎಳೆ ಬಿಡಿಸುತ್ತಾ, ತಲೆ ಎತ್ತದೆ, "ಬಾಗಲಾ ಬಡಿಯಾಕತ್ತಾರ, ಹೋಗಿ ತಗೀರಿ" ಎಂದಳು.

ಹೋಗಿ ತೆಗೆದೆ. ಚಪ್ಪರದಿಂದ ಹನಿ ಬೀಳುತ್ತಿತ್ತು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನರಪಿಳ್ಳೆಯಿಲ್ಲ. ತಿರುಗಿ ನೋಡಿದರೆ ಪರದೆಯ ಮೇಲೆ ನಾಯಕಿ ಕದ ತೆರೆಯಲು ಏಳುತ್ತಿದ್ದಳು. ಬಾಗಿಲಲ್ಲಿ ಯಾರೂ ಇಲ್ಲದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಇನ್ನೊಮ್ಮೆಯಿಲ್ಲ. "ಯಾರೂ ಇಲ್ಲ" ಎಂದೆ.

ಅವಳು ಹಿಂದಿನ ಸ್ಪೀಕರ್ ನೋಡಿದಳು, ನನ್ನನ್ನು ನೋಡಿದಳು, ಕೈಗಂಟಿದ ಹಿಟ್ಟನ್ನು ಪರಾತದ ಅಂಚಿಗೆ ಒರೆಸಿ ಕಿರಾಣಿಯವರ ಕಡೆ ತಿರುಗಿದಳು.

"ಬಂತ್ರಿ ಅಣ್ಣಾರ, ಖರೇನ ಬಂತು. ಒಯ್ರಿ. ಆದ್ರ ಶ್ಯಾವಿಗಿ ಹಾಕಿದ ದಿನ ಮಾತ್ರ ಹಚ್ಚಬ್ಯಾಡ್ರಿ."